ವ್ಯಾನಿನ ಸೀಟಿನಡಿ ಟ್ರ್ಯಾಕ್ಟರ್ ಬ್ಯಾಟರಿ

ನಾನು ಒಂದು ಬ್ಯಾಟರಿ. ಟ್ರ್ಯಾಕ್ಟರಿನ ಬ್ಯಾಟರಿ. ಇದನ್ನು ಮೊದಲೇ ಗಟ್ಟಿಯಾಗಿ ಹೇಳಿಬಿಡುತ್ತೇನೆ, ಏಕೆಂದರೆ ನನ್ನ ಬಾಳಿನ ರಾದ್ಧಾಂತವೆಲ್ಲ ಈ ಮಾತನ್ನು ಯಾರೂ ಕಿವಿಗೆ ಹಾಕಿಕೊಳ್ಳದೆ ಹೋದದ್ದರಿಂದಲೇ ಆಯಿತು. ಊರೆಲ್ಲ ನನ್ನನ್ನು ‘ತಪ್ಪು ಬ್ಯಾಟರಿ’ ಎಂದು ಕರೆಯಿತು. ನಾನು ಒಪ್ಪಿಲ್ಲ, ಒಪ್ಪುವುದೂ ಇಲ್ಲ.

ನನ್ನದು ಸೀಸದ ವಂಶ. ತಗಡಿನ ಶೆಡ್ಡೊಂದರಲ್ಲಿ ಸೀಸದ ಹಲಗೆಗಳನ್ನು ಒತ್ತೊತ್ತಾಗಿ ನಿಲ್ಲಿಸಿ, ಹೊಟ್ಟೆಗೆ ಆಮ್ಲ ಸುರಿದು ನನ್ನನ್ನು ಹುಟ್ಟಿಸಿದರು. ಹುಟ್ಟುತ್ತಲೇ ಅಸಿಡಿಟಿ ಇದ್ದ ಕೂಸು ನಾನು. ತಲೆಯ ಮೇಲೆ ಎರಡು ಕೊಂಬು: ಒಂದು ಧನ, ಇನ್ನೊಂದು ಋಣ. ನಿಮ್ಮ ಮನೆಗಳಲ್ಲೂ ಅವೆರಡು ಇದ್ದೇ ಇರುತ್ತವೆ. ನಡುವೆ ಒಂದಿಷ್ಟು ಅಂತರ ಇರುವತನಕ ಸಂಸಾರ ನಡೆಯುತ್ತದೆ. ಕಬ್ಬಿಣದ ತುಂಡೊಂದು ಅಡ್ಡಬಿದ್ದು ಎರಡನ್ನೂ ನೇರವಾಗಿ ಕೂಡಿಸಿದರೆ ಬೆಂಕಿ. ಅದು ನನ್ನ ದುರ್ಬುದ್ಧಿಯಲ್ಲ, ನಾನಿರುವುದೇ ಹಾಗೆ.

ಮೊದಲು ಸೇರಿದ್ದು ಹಿರಿಯೂರಿನ ಹತ್ತಿರದ ಗುರುಸಿದ್ದಪ್ಪನವರ ಟ್ರ್ಯಾಕ್ಟರಿಗೆ. ಅಲ್ಲಿ ನನ್ನ ಅಳತೆಯದೇ ಪೆಟ್ಟಿಗೆ, ಮೈಮೇಲೆ ಬಿಗಿಯಾದ ಪಟ್ಟಿ, ತಲೆಯ ಮೇಲೆ ಬೇಕಾದಷ್ಟು ಗಾಳಿ. ಕೀಲಿ ತಿರುಗಿಸಿದರೆ ಒಂದೇ ಉಸಿರಿಗೆ ‘ಧಡ್ ಧಡ್ ಧಡ್’ ಎನ್ನಿಸುತ್ತಿದ್ದೆ. ಗುರುಸಿದ್ದಪ್ಪನವರನ್ನು ನಾನು ಕಂಡದ್ದು ಮೊಣಕಾಲಿನವರೆಗೆ ಮಾತ್ರ. ಆ ಮೊಣಕಾಲುಗಳ ಬಗ್ಗೆ ನನಗೆ ಈಗಲೂ ಗೌರವವಿದೆ. ಟ್ರ್ಯಾಕ್ಟರಿನ ಎಂಜಿನ್ ಕೈಕೊಟ್ಟು ಗುಜರಿಗೆ ಹೊರಟಾಗಲೂ ನನ್ನಲ್ಲಿ ಕಸುವಿತ್ತು. ಅದನ್ನು ಓಡಿಸುತ್ತಿದ್ದ ತಿಪ್ಪೇಶ ನನ್ನನ್ನು ಕೇಳಿ ಪಡೆದು, ಹೆಗಲ ಮೇಲೆ ಹೊತ್ತು, ಪೇಟೆಯಲ್ಲಿದ್ದ ಅಕ್ಕ ಓಬಮ್ಮನ ಮನೆಗೆ ತಂದ.

ಓಬಮ್ಮ ಶಾಲಾ ಮಕ್ಕಳ ವ್ಯಾನ್ ಓಡಿಸುತ್ತಿದ್ದಳು. ಹೂ ಮಾರುವುದನ್ನು ಬಿಟ್ಟು, ಡ್ರೈವಿಂಗ್ ಕಲಿತು, ಹಳೆಯ ಸಣ್ಣ ವ್ಯಾನೊಂದನ್ನು ಕೊಂಡಿದ್ದಳು. ಆ ಮಕ್ಕಳ ಸವಾರಿಯೇ ಅವಳ ಅನ್ನ. ಆದರೆ ವ್ಯಾನಿನ ಹಳೆಯ ಬ್ಯಾಟರಿ ಸಾಯಲು ಕೂತಿತ್ತು, ಬೆಳಿಗ್ಗೆ ಗಾಡಿ ಏಳುತ್ತಿರಲಿಲ್ಲ. ಅದೇ ಶಾಲೆಗೆ ಇನ್ನೊಂದು ವ್ಯಾನ್ ಓಡಿಸುವ ನಿಂಗರಾಜು, ಮೈಯಲ್ಲೂ ಬಾಯಲ್ಲೂ ಭಾರಿ ಆಸಾಮಿ, ಗೇಟಿನ ಮುಂದೆ ನಿಂತು ಅವಳ ಗಾಡಿಯ ಮಿಮಿಕ್ರಿ ಮಾಡುತ್ತಿದ್ದ. ‘ಕುಂಯ್... ಕುಂಯ್... ಕುಂಯ್ಯ್... ಟಿಕ್.’ ಆ ‘ಟಿಕ್’ಗೆ ಕಣ್ಣು ಮುಚ್ಚಿ ಕತ್ತು ವಾಲಿಸುತ್ತಿದ್ದ. ಮಕ್ಕಳು ನಗುತ್ತಿದ್ದರು, ಬಿಡಲು ಬಂದ ಅಮ್ಮಂದಿರೂ ನಗುತ್ತಿದ್ದರು. ಒಂದಿಬ್ಬರು ಮಕ್ಕಳು ಆಗಲೇ ಅವನ ವ್ಯಾನಿಗೆ ಹಾರಿದ್ದರು.

ಹಾಗಾಗಿ ನನ್ನನ್ನು ಕಂಡ ಓಬಮ್ಮನ ಕಣ್ಣುಗಳು ಅರಳಿದವು. ಅಳತೆಯ ಬ್ಯಾಟರಿಯನ್ನೇ ಕೊಳ್ಳೋಣವೆಂದು ಅವಳು ಅಂದದ್ದು ನಿಜ. ತಿಪ್ಪೇಶ ಕೇಳಲಿಲ್ಲ.

“ಟ್ರ್ಯಾಕ್ಟ್ರು ಎಳೆಯೋ ಬ್ಯಾಟ್ರಿ ಕಣಕ್ಕ ಇದು. ನಿನ್ ಡಬ್ಬಿ ಎಳೆಯಲ್ವಾ? ದೊಡ್ಡದಾದ್ರೆ ಒಳ್ಳೇದೇ ಅಲ್ವಾ?”

ಇದೇ ನೋಡಿ ನಮ್ಮ ಜನರ ಲೆಕ್ಕ. ಅಂಗಿ ಕೊಂಡರೆ ಬೆಳೆಯುವ ಹುಡುಗನಿಗೆಂದು ಒಂದಳತೆ ದೊಡ್ಡದು, ಮದುವೆಗೆ ಪಾತ್ರೆ ತಂದರೆ ಒಲೆಗಿಂತ ದೊಡ್ಡದು. ಬ್ಯಾಟರಿ ಬೆಳೆಯುವುದೂ ಇಲ್ಲ, ವ್ಯಾನ್ ಹಿಗ್ಗುವುದೂ ಇಲ್ಲ ಎಂದು ಹೇಳಲು ನನಗೆ ಬಾಯಿಲ್ಲ.

ಆ ವ್ಯಾನಿನಲ್ಲಿ ಬ್ಯಾಟರಿಯ ಜಾಗ ಡ್ರೈವರ್ ಪಕ್ಕದ ಸೀಟಿನ ಕೆಳಗೆ. ಬ್ಯಾಟರಿ ಕೂರಿಸುವ ತಟ್ಟೆ ನನ್ನ ಪಾದಕ್ಕೆ ಸಾಲಲಿಲ್ಲ, ತೆಂಗಿನ ಹಗ್ಗ ಬಿಗಿದರು. ತಂತಿ ಕೊಂಬಿಗೆ ನಿಲುಕಲಿಲ್ಲ, ಎಳೆದು ಜಗ್ಗಿ ಸಿಕ್ಕಿಸಿದರು. ಸೀಟು ಮುಚ್ಚಿದರೆ ಅದರ ಕಬ್ಬಿಣದ ಸ್ಪ್ರಿಂಗುಗಳು ನನ್ನ ಕೊಂಬುಗಳ ಮೇಲೆಯೇ ಬಂದು ಕೂರುತ್ತಿದ್ದವು. ತಿಪ್ಪೇಶ ಹರಿದ ಹವಾಯಿ ಚಪ್ಪಲಿಯೊಂದನ್ನು ಕತ್ತರಿಸಿ ನಡುವೆ ಇಟ್ಟ. ತಲೆಯ ಮೇಲೆ ಚಪ್ಪಲಿ ಇಡಿಸಿಕೊಂಡು ಕೆಲಸಕ್ಕೆ ಸೇರಿದ ಮೊದಲ ಬ್ಯಾಟರಿ ನಾನೇ ಇರಬೇಕು.

ಆದರೂ ನಾನು ಕೆಲಸಗಳ್ಳನಲ್ಲ. ಮರುದಿನ ಬೆಳಿಗ್ಗೆ ಕೀಲಿ ತಿರುಗುವ ಮುಂಚೆಯೇ ಎಂಬಂತೆ ಗಾಡಿ ಎದ್ದಿತು. ಗೇಟಿನಲ್ಲಿ ನಿಂಗರಾಜು ಬಾಯಿ ತೆರೆದವನು ಹಾಗೆಯೇ ಮುಚ್ಚಿದ. ಓಬಮ್ಮ ಮೂರು ಸಲ ಎಂಜಿನ್ ಆರಿಸಿ, ಮೂರು ಸಲ ಎಬ್ಬಿಸಿ ಹೊರಟಳು.

ನಾನು ಮಾತ್ರ ಒಳಗೆ ನರಳುತ್ತಿದ್ದೆ. ಆ ಪುಟ್ಟ ಎಂಜಿನ್ ಕೊಡುವ ಕರೆಂಟು ನನ್ನ ಹೊಟ್ಟೆಗೆ ಎಮ್ಮೆಗೆ ಚಮಚದಲ್ಲಿ ಮುಸುರೆ ಕುಡಿಸಿದಂತೆ. ನಾನು ಬಿಡುವ ಉಸಿರು, ಕಿಡಿ ಕಂಡರೆ ಸಿಡಿಯುವಂಥದ್ದು, ಸೀಟಿನಡಿಯಲ್ಲೇ ಸುತ್ತುತ್ತಿತ್ತು. ಗುಂಡಿ ಬಂದಾಗಲೆಲ್ಲ ಹಗ್ಗ ಸಡಿಲುತ್ತಿತ್ತು, ಚಪ್ಪಲಿ ಸವೆಯುತ್ತಿತ್ತು. ಮೇಲೆ ಕೂರುವ ಮಕ್ಕಳು ಹಗುರ, ಆದ್ದರಿಂದ ಬದುಕಿದೆವು. ನಾನು ಹೇಳಬಲ್ಲ ರೀತಿಯಲ್ಲೇ ಹೇಳಿದೆ: ರಬ್ಬರ್ ಸುಟ್ಟ ವಾಸನೆ ಕಳಿಸಿದೆ. ಮಕ್ಕಳು ಮೂಗು ಮುಚ್ಚಿಕೊಂಡಾಗ ಓಬಮ್ಮ, ರಸ್ತೆಯ ಟಾರು ಕಾದಿದೆ ಎಂದಳು. ಡಿಸೆಂಬರ್ ಚಳಿಯಲ್ಲೂ ಹಾಗೆಯೇ ಅಂದಳು.

ಒಂದು ಸಂಜೆ ಶಾಲೆ ಬಿಟ್ಟಾಗ ನಿಂಗರಾಜುವಿನ ವ್ಯಾನ್ ಕೆಟ್ಟು ನಿಂತಿತು. ಬೇರೆ ದಾರಿಯಿಲ್ಲದೆ ಅವನು ತನ್ನ ವ್ಯಾನಿನ ಮಕ್ಕಳನ್ನೂ ಓಬಮ್ಮನ ಹಿಂದಿನ ಸೀಟುಗಳಲ್ಲಿ ತುಂಬಿದ. ಮುಂದಿನ ಸೀಟು ಅವನಿಗೆ. ಅಂಥ ಪೀಠಾರೋಹಣವನ್ನು ನಾನು ಕಂಡಿರಲಿಲ್ಲ. ಸ್ಪ್ರಿಂಗುಗಳು ಕಿರ್ರೆಂದು ಇಳಿದವು, ನನ್ನ ನೆತ್ತಿಯ ಮೇಲೆ ಕತ್ತಲಾಯಿತು.

“ಪರ್ವಾಗಿಲ್ಲ ಓಬಮ್ಮ, ಗಾಡಿ ಚೆನ್ನಾಗೇ ಮಡಗಿದೀಯ,” ಎಂದ ಅವನು.

“ಒದರ್ಬೇಡ, ನೆಟ್ಟಗೆ ಕೂತ್ಕ,” ಎಂದಳು ಓಬಮ್ಮ. ಅವಳ ದನಿಯಲ್ಲಿ ಸಕ್ಕರೆ ಇತ್ತು.

ರಸ್ತೆ ಉಬ್ಬು ದಾಟಿದಾಗ ಚಪ್ಪಲಿ ಜಾರಿತು. ಸೀಟಿನ ಕಬ್ಬಿಣ ಎರಡೂ ಕೊಂಬುಗಳ ಮೇಲೆ ಕೂತಿತು. ಟ್ರ್ಯಾಕ್ಟರ್ ಎಬ್ಬಿಸುವ ಶಕ್ತಿಯಷ್ಟೂ ಒಂದು ಕ್ಷಣದಲ್ಲಿ ಆ ಸ್ಪ್ರಿಂಗಿಗೆ ಹರಿದು, ಅದು ಕೆಂಡವಾಯಿತು. ಹೊಗೆ, ಆಮೇಲೆ ಸ್ಪಂಜಿನ ಜ್ವಾಲೆ. ನಿಂಗರಾಜು ಬಾಗಿಲು ತೆರೆದು ಹಾರಿದಾಗ ಗಾಡಿ ಪೂರ್ತಿ ನಿಂತಿರಲಿಲ್ಲ. ಅವನ ಪ್ಯಾಂಟಿನ ಹಿಂಭಾಗ ಅಲ್ಲೇ ಉಳಿಯಿತು. ಓಬಮ್ಮ ಗಾಡಿ ನಿಲ್ಲಿಸಿ, ಹಿಂದೆ ಓಡಿ, ಬಾಗಿಲು ಸರಿಸಿ ಮಕ್ಕಳನ್ನು ಒಬ್ಬೊಬ್ಬರನ್ನಾಗಿ ರಟ್ಟೆ ಹಿಡಿದು ಎಳೆದಳು. ಕೊನೆಯ ಮಗು ಇಳಿದ ಮೇಲೆ ಉರಿಯುವ ಸೀಟನ್ನು ರಸ್ತೆಗೆ ಒಗೆದು, ಚರಂಡಿ ಕೆಲಸಕ್ಕೆ ಹಾಕಿದ್ದ ಮರಳನ್ನು ಬೊಗಸೆ ಬೊಗಸೆ ಎರಚಿದಳು. ಮಕ್ಕಳಿಗೆ ಕೆಮ್ಮು ಬಿಟ್ಟರೆ ಏನೂ ಆಗಲಿಲ್ಲ. ಅವಳ ಅಂಗೈಯಲ್ಲಿ ಬೊಬ್ಬೆ ಎದ್ದಿತ್ತು.

ಮರುದಿನ ಶಾಲೆಯಲ್ಲಿ ತಂದೆತಾಯಿಯರ ಸಭೆ. ಅದಕ್ಕೂ ಮುಂಚೆ ಶಾಲೆಯ ಕಾರ್ಯದರ್ಶಿ ಅವಳನ್ನು ಒಳಗೆ ಕರೆದು, ಬ್ಯಾಟರಿಯಲ್ಲೇ ದೋಷವಿತ್ತು, ತಯಾರಿಸಿದವರದೇ ತಪ್ಪು ಎಂದು ಹೇಳಿಬಿಟ್ಟರೆ ಎಲ್ಲರಿಗೂ ಕ್ಷೇಮ, ನಿನ್ನ ಗಾಡಿಯೂ ಉಳಿಯುತ್ತದೆ ಎಂದು ತಿಳಿಹೇಳಿದರು. ನನ್ನನ್ನು ಅಲ್ಲಿಗೆ ಹೊತ್ತು ತಂದಿದ್ದ ತಿಪ್ಪೇಶ ಹೌದೆಂದು ತಲೆಯಾಡಿಸಿದ. ನಾನು ಮೂಲೆಯಲ್ಲಿ ಕೂತು ಕುದಿಯುತ್ತಿದ್ದೆ.

ಸಭೆಯಲ್ಲಿ ಓಬಮ್ಮ ನನ್ನನ್ನು ಬೊಬ್ಬೆಯ ಕೈಯಲ್ಲೇ ಎತ್ತಿ ಮೇಜಿನ ಮೇಲಿಟ್ಟಳು. ಮನುಷ್ಯರ ಮುಖಗಳನ್ನು ನಾನು ಸರಿಸಮ ಎತ್ತರದಿಂದ ಕಂಡದ್ದು ಅಂದೇ.

“ಈ ಬ್ಯಾಟ್ರಿ ಸರಿಯಾಗೈತೆ,” ಎಂದಳು. “ಇದು ಟ್ರ್ಯಾಕ್ಟ್ರುದ್ದು. ಸೀಟಿನ ಅಡಿ ಹಿಡಿಯಲ್ಲ ಅಂತ ನನ್ ಕಣ್ಣಿಗೇ ಕಾಣ್ತಿತ್ತು. ನಾಕು ಜನ ನಗ್ತಾರಲ್ಲ ಅಂತ ತುರುಕಿದೆ. ವಾಸನೆ ಬಂದ್ರೂ ಸುಮ್ಕಿದ್ದೆ.”

ಕೆಳಗಿನ ಓಣಿಯ ಫಾತಿಮಾಬಿ, ಮುಂದಿನ ಸೀಟಿಗೇ ಹಟ ಹಿಡಿಯುವ ಹುಡುಗಿಯ ತಾಯಿ, ಎದ್ದು ನಿಂತಳು. “ಮತ್ತೆ ನಿನ್ನ ನಂಬಿ ಮಕ್ಕಳನ್ನ ಹೆಂಗೆ ಕಳಿಸೋದು?”

“ನಂಬ್ಬೇಡಿ. ನಾಳೆ ಸೀಟು ಎತ್ತಿ ತೋರಿಸ್ತೀನಿ. ನೋಡಿ ಕಳ್ಸಿ.”

ತಿಪ್ಪೇಶ ಸಂಜೆಯೇ ನನ್ನನ್ನು ಗುಜರಿಗೆ ಹಾಕಿದ. ಗುಜರಿ ಅಂಗಡಿ ಕೆಳಗಿನ ಓಣಿಯ ಬಾಯಲ್ಲೇ ಇದೆ, ವ್ಯಾನಿನ ಮೊದಲ ನಿಲುಗಡೆಗೆ ಎದುರು. ಇಲ್ಲಿ ಮುರಿದ ಫ್ಯಾನುಗಳ ಜೊತೆ ಕೂತಿದ್ದೇನೆ. ಸೀಸ ಕರಗಿಸುವ ಗಾಡಿ ಯಾವಾಗಲಾದರೂ ಬರಬಹುದು. ಬರಲಿ. ಕರಗಿ ಮತ್ತೆ ಬ್ಯಾಟರಿಯೇ ಆಗುತ್ತೇನೆ, ಆಗಲೂ ನನ್ನ ಅಳತೆ ನನ್ನದೇ. ಅಳೆಯುವ ಕೆಲಸ ನಿಮ್ಮದು.

ಇವತ್ತು ಬೆಳಿಗ್ಗೆ ಓಬಮ್ಮ ಖಾಲಿ ವ್ಯಾನ್ ತಂದು ನಿಲ್ಲಿಸಿ, ಹೊಸದಾಗಿ ಹಾಕಿಸಿದ ಮುಂದಿನ ಸೀಟನ್ನು ಎತ್ತಿದಳು. ಒಳಗೆ ಗಿಡ್ಡನೆಯ ಹೊಸ ಬ್ಯಾಟರಿ, ತಟ್ಟೆಗೆ ಸರಿಯಾಗಿ, ಪಟ್ಟಿ ಬಿಗಿದುಕೊಂಡು. ಕೊಂಬಿಗೂ ಸೀಟಿಗೂ ನಡುವೆ ಗೇಣು ಜಾಗ. ಅಮ್ಮಂದಿರು ಬಗ್ಗಿ ನೋಡಿದರು. ಓಬಮ್ಮ ಸೀಟು ಮುಚ್ಚಿ, ಪಕ್ಕಕ್ಕೆ ಸರಿದು ನಿಂತಳು. ಬನ್ನಿ ಎಂದು ಕರೆಯಲಿಲ್ಲ.

ಫಾತಿಮಾಬಿ ಮಗಳ ಕೈ ಬಿಟ್ಟು, ತಾನೇ ಹತ್ತಿ ಆ ಸೀಟಿನ ಮೇಲೆ ಧೊಪ್ಪೆಂದು ಕೂತಳು. ಎದ್ದು ಮತ್ತೊಮ್ಮೆ ಕೂತಳು. ಮೂಗು ಅರಳಿಸಿ ವಾಸನೆ ನೋಡಿದಳು. ಆಮೇಲೆ ಇಳಿದು, ಮಗಳ ಬ್ಯಾಗನ್ನು ಓಬಮ್ಮನ ಕೈಗೆ ಕೊಟ್ಟಳು.