ಭಾವನ ಕೈಗೆ ತಂದ ಮದ್ದುಗಳು

ಊರೂರು ತಿರುಗಿ ಗಡಿಯಾರ ಮಾರುತ್ತಿದ್ದ ಕಾಲದಲ್ಲಿ ನಾನು ನನ್ನ ಗಡ್ಡವನ್ನು ಬೇರೆ ಯಾರ ಕೈಗೂ ಕೊಡುತ್ತಿರಲಿಲ್ಲ. ಅದು ಭಾವನಿಗೆ ಮೀಸಲು. ಅಕ್ಕನ ಮನೆಯ ಮುಂಭಾಗದಲ್ಲೇ ಅವರ ಕ್ಷೌರದಂಗಡಿ. ಒಂದು ಕುರ್ಚಿ, ಒಂದು ಕನ್ನಡಿ, ಸಾಬೂನು ಮತ್ತು ಹಸಿ ಟವೆಲಿನ ವಾಸನೆ. ಕನ್ನಡಿಯ ಒಂದು ಬದಿಯ ಲೇಪ ಎದ್ದುಹೋಗಿ, ಅಲ್ಲಿ ಕುಳಿತವರ ಎಡಗಿವಿ ಸದಾ ಮಂಜಿನಲ್ಲಿ ಇದ್ದಂತೆ ಕಾಣುತ್ತಿತ್ತು.

ನನಗೆ ಮೊದಲ ಬಾರಿ ಕ್ಷೌರ ಮಾಡಿದವರೂ ಅವರೇ, ಅದೂ ತಮ್ಮ ಮದುವೆಯ ಬೆಳಿಗ್ಗೆ. ಮದುವಣಿಗನನ್ನು ಹುಡುಕಿಕೊಂಡು ಬಂದವರಿಗೆ, ನನ್ನ ಚಿಗುರುಮೀಸೆಯ ಮುಂದೆ ಬಗ್ಗಿ ನಿಂತ ಭಾವ ಸಿಕ್ಕಿದರು.

"ಕೆನ್ನೆ ಉಬ್ಬಿಸು," ಎಂದಿದ್ದರು. "ನನಗಂತೂ ಹೆಣ್ಣು ಸಿಕ್ಕಾಯ್ತು. ಇನ್ಮೇಲೆ ಚೆಂದ ಕಾಣ್ಬೇಕಾದವನು ನೀನು."

ಎಷ್ಟೋ ವರ್ಷಗಳ ಮೇಲೆ ಆ ಕೈಗಳ ಗೆಣ್ಣುಗಳು ಊದಿಕೊಂಡವು. ವೈದ್ಯರು ಸಂಧಿವಾತವೆಂದರು, ಅವರು ಕೊಟ್ಟ ಗುಳಿಗೆ ನೋವನ್ನು ತಗ್ಗಿಸಿ ಹೊಟ್ಟೆಯನ್ನು ಕೆಡಿಸಿತು. ಕತ್ತರಿ ಹೇಗೋ ನಡೆಯುತ್ತಿತ್ತು, ಕತ್ತಿ ಮಾತ್ರ ಬೆರಳುಗಳ ನಡುವೆ ನಿಲ್ಲುತ್ತಿರಲಿಲ್ಲ. ಕತ್ತಿ ಹಿಡಿಯಲಾರದವನು ಆ ಕುರ್ಚಿಯ ಹಿಂದೆ ನಿಲ್ಲಬಾರದೆಂಬುದು ಭಾವನ ಹಟ. ಕೈ ಮೊದಲಿನಂತಾಗದಿದ್ದರೆ ಅಂಗಡಿಯನ್ನು ಪಕ್ಕದ ಬೀದಿಯ ಕ್ಷೌರಿಕನಿಗೆ ಒಪ್ಪಿಸುವುದಾಗಿ ಮಾತು ಕೊಟ್ಟೂ ಆಗಿತ್ತು.

ಆ ಕುರ್ಚಿಯಲ್ಲಿ ಬೇರೆಯವರ ಕೈಗೆ ಮುಖವೊಡ್ಡುವುದನ್ನು ನನ್ನಿಂದ ಊಹಿಸಲಾಗಲಿಲ್ಲ. ಹೋದ ಊರಿನಲ್ಲೆಲ್ಲ ಮದ್ದು ವಿಚಾರಿಸತೊಡಗಿದೆ. ತಾಮ್ರದ ಬಳೆ ತಂದಾಗ ಅಕ್ಕ ಅದನ್ನು ತನ್ನ ಕೈಗೆ ಹಾಕಿ ನೋಡಿ, ಹೆಂಡತಿ ತೊಡಬೇಕಾದ್ದನ್ನು ಗಂಡ ತೊಡುವ ಕಾಲ ಬಂತೆಂದು ನಕ್ಕಳು. ಎಲೆಕೋಸಿನ ಎಲೆ ಬಿಸಿಮಾಡಿ ಕಟ್ಟುವ ಉಪಾಯ ಹೇಳಿದರೆ, ಬಿಚ್ಚಿದ ಮೇಲೆ ಅದನ್ನು ನನಗೇ ಬಡಿಸುವೆನೆಂದಳು. ಅಯಸ್ಕಾಂತ ಹೊಲಿದ ಕೈಗವಸು ಅಂಗಡಿಯ ಕತ್ತರಿಗಳನ್ನೆಲ್ಲ ಸೆಳೆದುಕೊಂಡಿತೇ ಹೊರತು ನೋವನ್ನಲ್ಲ.

ಪ್ರತಿ ಮದ್ದಿಗೂ ನನ್ನ ಮುಖವೇ ಒರೆಗಲ್ಲು. ಭಾವ ನೊರೆ ಹಚ್ಚಿ ಕತ್ತಿ ಎತ್ತುವರು. ನಾನು ಎಲ್ಲಾದರೂ ಕೊಯ್ಸಿಕೊಳ್ಳುವೆನು. ಅವರು ರಕ್ತ ನಿಲ್ಲಲೆಂದು ಪಟಿಕ ಉಜ್ಜುವರು.

ಕೊನೆಗೆ, ರೈಲಿನಲ್ಲಿ ಭೇಟಿಯಾದ ವೃದ್ಧ ದಾದಿಯೊಬ್ಬರು ಹೇಳಿಕೊಟ್ಟಂತೆ ಮೇಣ ತಂದೆ. ಅಕ್ಕ ಅದನ್ನು ಕರಗಿಸಿ, ಕೈ ತಾಳುವಷ್ಟು ಆರಿಸಿ ಕೊಟ್ಟಳು. ಭಾವ ಅದರಲ್ಲಿ ಬೆರಳದ್ದಿ ತೆಗೆದು, ಬಟ್ಟೆ ಸುತ್ತಿಕೊಂಡು ಕೂರುತ್ತಿದ್ದರು. ಕೆಲವು ದಿನಗಳಲ್ಲಿ ನೋವು ಇಳಿಯಿತೆಂದು ಅವರೇ ಹೇಳಿದರು. ನಾನು ಹಿಗ್ಗಿನಿಂದ ಕುರ್ಚಿ ಏರಿದೆ.

ಅಂದು ಕತ್ತಿ ಎಲ್ಲಿಯೂ ತಡವರಿಸಲಿಲ್ಲ. ಕಣ್ಣು ಮುಚ್ಚಿದವನಿಗೆ ಆ ಮದುವೆಯ ಬೆಳಗೇ ಮರಳಿ ಬಂದಂತಿತ್ತು. ಅವರು ಮುಖ ಒರೆಸಿದರು. ಸಂತೋಷದಿಂದ ಕೆನ್ನೆ ಸವರಿಕೊಂಡೆ. ಗಡ್ಡ ಇದ್ದ ಹಾಗೆಯೇ ಇತ್ತು.

ಕನ್ನಡಿಯಲ್ಲಿ ಭಾವ ನನ್ನನ್ನೇ ನೋಡುತ್ತಿದ್ದರು.

"ಕತ್ತಿಯ ಬೆನ್ನಲ್ಲಿ ಎಳೆದೆ ಕಣೋ," ಎಂದರು. "ಕಲಿಯೋರಿಗೆ ಮೊದಲು ಹಾಗೇ ಎಳೆಯೋಕೆ ಕೊಡೋದು. ನೋವೇನೋ ಹೋಗಿದೆ, ಹಿಡಿತ ಬಂದಿಲ್ಲ. ನಿನ್ನ ಗಂಟಲ ಮೇಲೆ ಕತ್ತಿಯ ಬಾಯಿ ಇಡೋ ಧೈರ್ಯ ಆಗ್ಲಿಲ್ಲ."

ಮುಂದಿನ ಊರಿನಲ್ಲಿ ಒಳ್ಳೆಯ ಎಣ್ಣೆಯೊಂದಿದೆಯೆಂದು ನಾನು ತೊದಲಿದೆ.

"ಸಾಕು ಬಿಡು. ಮೇಣ ತಂದೆಯಲ್ಲ, ರಾತ್ರಿ ನಿದ್ದೆ ಬರ್ತಿದೆ. ಅಷ್ಟು ಸಾಕು. ನಾಳೆ ಬೀಗದ ಕೈ ಕೊಟ್ಟುಬಿಡ್ತೀನಿ."

ಅವರು ಕತ್ತಿಯನ್ನು ಚರ್ಮದ ಪಟ್ಟಿಗೆ ನಿಧಾನವಾಗಿ ಮಸೆದು, ಹಿಡಿಯನ್ನು ನನ್ನ ಕಡೆಗೆ ಮಾಡಿ ಕೈಗಿಟ್ಟರು. ಆಮೇಲೆ ಬ್ರಷ್ಷನ್ನು ಬಿಸಿನೀರಿನಲ್ಲಿ ಅದ್ದಿ ಮತ್ತೆ ನೊರೆ ಎಬ್ಬಿಸಿದರು. ಬ್ರಷ್ಷಿನ ದಪ್ಪ ಹಿಡಿ ಆ ಬೆರಳುಗಳಲ್ಲಿ ಚೆನ್ನಾಗಿಯೇ ನಿಂತಿತು. ಬಲಗಿವಿಯ ಕೆಳಗಿನಿಂದ ಶುರುಮಾಡಿ, ಎಲ್ಲಿಯೂ ಬಿಡದಂತೆ ಹಚ್ಚಿ, ಕುರ್ಚಿಯ ಹಿಂದೆ ಸರಿದು ನಿಂತರು.

"ಕೆನ್ನೆ ಉಬ್ಬಿಸು," ಎಂದರು.

ಉಬ್ಬಿಸಿದೆ.