ಮೂರಿಂಚಿನ ಪೈಪು

ಒಕ್ಕಣೆ ಮುಗಿಯುತ್ತ ಬಂದ ದಿನಗಳು. ಬಯಲಿನ ಕಡೆಯಿಂದ ಬೀಸುವ ಒಣಗಾಳಿಯಲ್ಲಿ ಹೊಟ್ಟು ತೇಲಿ ಬಂದು ಊರಿನ ಎಲ್ಲದರ ಮೇಲೂ ಕೂರುತ್ತಿತ್ತು. ಒಣಹಾಕಿದ ಬಟ್ಟೆಯನ್ನೂ ಬಿಡುತ್ತಿರಲಿಲ್ಲ, ಪೈಪಣ್ಣನ ಹುಬ್ಬನ್ನೂ ಬಿಡುತ್ತಿರಲಿಲ್ಲ. ವರ್ಷದ ಈ ಹೊತ್ತಿನಲ್ಲಿ ಅವನ ಕೈಗೆ ಬಿಡುವೆಂಬುದೇ ಇಲ್ಲ. ಟ್ರ್ಯಾಕ್ಟರುಗಳು, ಒಕ್ಕಣೆ ಯಂತ್ರಗಳು ಹಗಲೆಲ್ಲ ದುಡಿದು, ಸೈಲೆನ್ಸರ್ ಒಡೆದುಕೊಂಡು, ಕಫ ಕಟ್ಟಿದ ಮುದುಕರ ಹಾಗೆ ಕೆಮ್ಮುತ್ತ ಅವನ ಶೆಡ್ಡಿನ ಮುಂದೆ ಬಂದು ನಿಲ್ಲುತ್ತಿದ್ದವು. ಒಂದಕ್ಕೆ ಬೆಸುಗೆ ಹಾಕಿ ಮುಗಿಸುವಷ್ಟರಲ್ಲಿ ಇನ್ನೊಂದು ಬರುತ್ತಿತ್ತು.

ಅವತ್ತು ಬೆಳಿಗ್ಗೆ ಅವನು ಟ್ರ್ಯಾಕ್ಟರೊಂದರ ಹೊಗೆಯ ನಿಲುಗೊಳವೆಗೆ ತೇಪೆ ಹಾಕುತ್ತಿದ್ದಾಗ ಸಾಲುಗಟ್ಟಿದ ಗಾಡಿಗಳ ನಡುವೆ ತೂರಿಕೊಂಡು ಒಂದು ತಗ್ಗು ಕಾರು ಒಳಗೆ ಬಂತು. ಎರಡು ಬಾಗಿಲಿನ ಹಳೆಯ ಕಾರು. ಒಳಗೆ ಹಿಂದಿನ ಸೀಟು ಕಿತ್ತು, ಕಾರು ಮಗುಚಿದರೆ ಕಾಯಲೆಂದು ಕಬ್ಬಿಣದ ಪಂಜರ ಕೂರಿಸಿತ್ತು. ಇಳಿದವಳು ಪುಟ್ಟಿ, ಅವನ ಹೆಂಡತಿಯ ತಂಗಿ. ವಯಸ್ಸು ನಲವತ್ತರ ಹತ್ತಿರ. ಡೇರಿಯ ಹಾಲಿನ ಟ್ಯಾಂಕರ್ ಓಡಿಸುವವಳು. ಆದರೂ ಮನೆಯಲ್ಲಿ ಪುಟ್ಟಿಯೇ.

"ಏನಮ್ಮ, ಹಾಲು ಒಡೀತಾ? ಇಷ್ಟು ಬೇಗ ಬಂದಿದ್ದೀಯ," ಅಂದ ಪೈಪಣ್ಣ, ಮುಖದ ಕವಚ ಮೇಲೆತ್ತಿ.

"ಹಾಲು ಇಳಿಸೇ ಬಂದೆ ಭಾವ. ನಿಮ್ಮ ಹತ್ರ ಕೆಲಸ ಇದೆ. ಇನ್ನು ಹತ್ತು ದಿನಕ್ಕೆ ಕ್ವಾರಿ ರೋಡಿನ ಓಟ. ಕೊನೇ ಸಲ."

ಊರ ಹಿಂದಿನ ಗುಡ್ಡದಲ್ಲಿ ಮುಚ್ಚಿಹೋದ ಕಲ್ಲು ಕ್ವಾರಿಯೊಂದಿತ್ತು. ಅದಕ್ಕೆ ಹತ್ತುವ ಸುತ್ತುಬಳಸಿನ ರಸ್ತೆಯಲ್ಲಿ ವರ್ಷಕ್ಕೊಮ್ಮೆ ಕಾರುಗಳ ಓಟ ನಡೆಯುತ್ತಿತ್ತು. ಒಂದೊಂದಾಗಿ ಹತ್ತಬೇಕು, ಯಾರ ಸಮಯ ಕಡಿಮೆಯೋ ಅವರದು ಗೆಲುವು. ಮುಂದಿನ ವರ್ಷ ಕ್ವಾರಿ ಮತ್ತೆ ಶುರುವಾಗುವುದಿತ್ತು. ಆಮೇಲೆ ಆ ರಸ್ತೆ ಲಾರಿಗಳಿಗೆ.

ಪುಟ್ಟಿ ಹತ್ತು ವರ್ಷದಿಂದ ಅಲ್ಲಿ ಓಡಿಸುತ್ತಿದ್ದಳು, ಒಂದು ವರ್ಷ ಬಿಟ್ಟು. ಆ ಒಂದು ವರ್ಷ ಯಾಕೆ ಬಿಟ್ಟಳೆಂಬುದು ಪೈಪಣ್ಣನಿಗೆ ಚೆನ್ನಾಗಿ ಗೊತ್ತು. ಜ್ಯಾಕ್ ಜಾರಿ ಟ್ರ್ಯಾಕ್ಟರು ಅವನ ಬಲಗೈ ಮಣಿಕಟ್ಟಿನ ಮೇಲೆ ಕೂತ ವರ್ಷ ಅದು. ಆಗ ಇವಳು ಟ್ಯಾಂಕರ್ ಇಳಿಸಿ ನೇರ ಶೆಡ್ಡಿಗೆ ಬರುತ್ತಿದ್ದಳು. ಪೈಪು ಕತ್ತರಿಸಿದಳು, ಉಜ್ಜಿದಳು, ಅವನು ಸ್ಟೂಲಿನ ಮೇಲೆ ಕೂತು ಬೈದು ಹೇಳಿಕೊಟ್ಟ ಹಾಗೆ ಬೆಸುಗೆಯನ್ನೂ ಕಲಿತಳು. ಮೊದಮೊದಲು ಅವಳ ಬೆಸುಗೆ ಕೋಳಿ ಕೆರೆದ ಹಾಗಿರುತ್ತಿತ್ತು. ಗಿರಾಕಿಗಳು ನಕ್ಕರೂ ಯಾರೂ ಬೇರೆ ಶೆಡ್ಡಿಗೆ ಹೋಗಲಿಲ್ಲ. ಓಟದ ದಿನ ಬಂದು ಹೋಯಿತು. ಅವಳು ಅದರ ಸುದ್ದಿಯನ್ನೇ ಎತ್ತಲಿಲ್ಲ. ಅಂದಿನಿಂದ ಪೈಪಣ್ಣನ ಎದೆಯಲ್ಲಿ ಅದೊಂದು ಮುಳ್ಳು. ಅವಳಿಗೊಂದು ಓಟ ತಾನು ಕೊಡಬೇಕು ಎಂದುಕೊಂಡೇ ಇದ್ದ.

"ಹೇಳು, ಏನಾಗ್ಬೇಕು?"

ಅವಳು ನೆಲದ ಮೇಲೆ ರಟ್ಟು ಹಾಸಿ ಕಾರಿನ ಕೆಳಗೆ ತೂರಿದಳು. ಅವನೂ ಪಕ್ಕದಲ್ಲಿ ಮಲಗಿದ.

"ಇಲ್ಲಿ ನೋಡಿ, ಹಿಂದಿನ ಆ್ಯಕ್ಸಲ್ ಮೇಲೆ ಹೊಗೆ ಪೈಪು ಬಾಗೋ ಕಡೆ. ಚಪ್ಪಟೆಯಾಗಿದೆ. ಯಾರೋ ಹಿಂದೆ ಸುಮ್ನೆ ಒತ್ತಿ ಬಾಗಿಸಿಬಿಟ್ಟಿದ್ದಾರೆ. ಜೋರಾಗಿ ತಿರುಗುವಾಗ ಎಂಜಿನ್ ಉಸಿರು ಕಟ್ಟುತ್ತೆ. ಇದೊಂದು ಬದಲಾಯಿಸಿ, ಪೂರ್ತಿ ಎರಡೂಕಾಲಿಂಚು ಮಾಡಿದ್ರೆ ಸಾಕು. ಇನ್ನು ಗಾಳಿ ಎಳೆಯೋ ಕಡೆ ಒಂದು ಕೋನ್ ಫಿಲ್ಟರ್ ಹಾಕೋದೋ, ಹಳೇ ಫಿಲ್ಟರ್ ಡಬ್ಬಾನೇ ಇಟ್ಕೊಳ್ಳೋದೋ ಅಂತ ಯೋಚನೆ."

"ಎರಡೂಕಾಲಾ?" ಪೈಪಣ್ಣ ತಲೆ ಹೊರಳಿಸಿ ನೋಡಿದ. "ನೀನು ಎರಡೂಕಾಲು ಕೇಳೋದು, ನಾನು ಅಷ್ಟೇ ಅಳೆದು ಕೊಡೋದು. ನಾನೇನು ದಾರೀಲಿ ಹೋಗೋನಾ? ಮೂರಿಂಚು ಹಾಕ್ತೀನಿ. ಸ್ಟೀಲ್. ಮುಂದಿಂದ ಹಿಂದಿನವರೆಗೆ."

"ಭಾವ, ಎರಡು ಲೀಟರ್ ಎಂಜಿನ್ ಇದು. ಟರ್ಬೊ ಗಿರ್ಬೊ ಏನೂ ಇಲ್ಲ. ಮೂರು ಜಾಸ್ತಿ ಆಗಲ್ವಾ?"

"ಜಾಸ್ತಿ ಆದ್ರೆ ಏನು ನಷ್ಟ? ದಾರಿ ಅಗಲ ಇದ್ರೆ ಹೋಗೋರು ಆರಾಮಾಗಿ ಹೋಗ್ತಾರೆ. ಕೋನ್ ಫಿಲ್ಟರ್ರೂ ಇರ್ಲಿ, ನಾನೇ ತರಿಸ್ತೀನಿ. ಒಳಗೂ ಧಾರಾಳ, ಹೊರಗೂ ಧಾರಾಳ. ನೀನು ಸುಮ್ನೆ ಕೀಲಿ ಇಟ್ಟು ಹೋಗು."

ಅವಳು ಏನೋ ಹೇಳಲು ಬಾಯಿ ತೆರೆದಳು. ಅವನ ಮುಖದಲ್ಲಿದ್ದ ಸಂಭ್ರಮ ಕಂಡಳು. ಕೀಲಿ ಬೆಂಚಿನ ಮೇಲಿಟ್ಟು ಹೋದಳು.

ಒಂದು ವಾರ ಪೈಪಣ್ಣ ಟ್ರ್ಯಾಕ್ಟರಿನವರಿಗೆ ನಾಳೆ ಬನ್ನಿ ಎಂದ. ಒಳ್ಳೆಯ ಸ್ಟೀಲು ತರಿಸಿದ. ಬಾಗಿಸಿದ ತುಂಡುಗಳನ್ನು ಪಟ್ಟಣದಿಂದಲೇ ಆರಿಸಿ ತಂದ, ಒಂದೂ ಚಪ್ಪಟೆಯಿಲ್ಲದ ಹಾಗೆ. ಜೋಡಣೆಯ ಬಾಯಿ ಬಾಯಿಗೆ ಕೂರುವ ತನಕ ಉಜ್ಜಿದ. ಬೆಸುಗೆ ಹಾಕುವಾಗ ಕೈ ಅಲುಗಿದರೆ ಕಿತ್ತು ಮತ್ತೆ ಹಾಕಿದ. ಕೊನೆಗೆ ಹೊರಬಾಯಿಯನ್ನು ಮುಖ ಕಾಣುವಷ್ಟು ಹೊಳಪು ಮಾಡಿದ. ಎಂಜಿನ್ನಿನ ಬದಿಯ ಕಪ್ಪು ಡಬ್ಬ ಬಿಚ್ಚಿಟ್ಟು, ಅದರ ಜಾಗದಲ್ಲಿ ಕೆಂಪು ಕೋನ್ ಫಿಲ್ಟರ್ ಕೂರಿಸಿದ.

ಪುಟ್ಟಿ ಬಂದು ಕಾರು ಶುರು ಮಾಡಿದಾಗ ಬೀದಿಯ ಅಂಗಡಿಗಳವರೆಲ್ಲ ಹೊರಗೆ ಬಂದರು. ಕ್ಷೌರದಂಗಡಿಯವನು ಕತ್ತರಿ ಹಿಡಿದೇ ಬಂದ. ಅವನ ಹಿಂದೆ ಅರ್ಧ ಕೂದಲು ಕತ್ತರಿಸಿದ ತಲೆಯ ಗಿರಾಕಿಯೂ ಬಂದ.

"ಪೈಪಣ್ಣ, ಇದು ಕಾರೋ, ಗುಡುಗೋ?" ಎಂದು ಕೂಗಿದ ಗಿರಾಕಿ.

ಪೈಪಣ್ಣನ ಎದೆ ಸ್ವಲ್ಪ ಮುಂದೆ ಬಂತು. ಪುಟ್ಟಿ ಗುಡ್ಡದ ಕಡೆ ಹೋಗಿ ಬಂದಳು. ಕಾರು ನಿಲ್ಲಿಸಿ ಒಂದು ಕ್ಷಣ ಸ್ಟಿಯರಿಂಗ್ ಹಿಡಿದು ಹಾಗೇ ಕೂತಿದ್ದು ಇಳಿದಳು.

"ಹೆಂಗಿದೆ?"

"ಸೌಂಡ್ ಅಂತೂ ಸಖತ್ತಾಗಿದೆ ಭಾವ," ಅಂದಳು.

ಅವತ್ತು ಊಟಕ್ಕೆ ಕೂತಾಗ ಪೈಪಣ್ಣ ಹೆಂಡತಿಯ ಮುಂದೆ ಅದನ್ನೇ ಎರಡು ಸಲ ಹೇಳಿದ. ಅವಳು ತಟ್ಟೆಗೆ ಬಡಿಸುತ್ತಿದ್ದವಳು ಕೈ ತಡೆದಳು.

"ಸೌಂಡ್ ಚೆನ್ನಾಗಿದೆ ಅಂದಳಾ? ಬೇರೆ ಏನಂದಳು?"

"ಬೇರೆ ಏನನ್ನಬೇಕು?"

"ಅಲ್ಲ ರೀ, ಚಿಕ್ಕವಳಾಗಿದ್ದಾಗ ನಾನು ಹೊಲಿದ ಅಂಗಿ ಅವಳಿಗೆ ಹಿಡಿಸದಿದ್ರೆ ಗುಂಡಿ ಚೆನ್ನಾಗಿದೆ ಅಕ್ಕ ಅನ್ನೋಳು. ಹಾಕ್ಕೊಂಡೂ ಓಡಾಡೋಳು. ಬಗಲಲ್ಲಿ ಬಿಗಿದು ಗಾಯ ಆದ್ರೂ ಬಾಯಿ ಬಿಡೋಳಲ್ಲ."

"ನಿನ್ನ ಹೊಲಿಗೆಗೂ ನನ್ನ ಕೆಲಸಕ್ಕೂ ಏನೇ ಸಂಬಂಧ?"

"ನನಗೇನು ಗೊತ್ತು? ಪೈಪು ನಿಮ್ಮದು," ಎಂದು ಅವಳು ಒಳಗೆ ಹೋದಳು.

ಪೈಪಣ್ಣ ಆ ಮಾತನ್ನು ತಳ್ಳಿಹಾಕಿದ. ಆದರೆ ಬೆಳಿಗ್ಗೆ ಟ್ರ್ಯಾಕ್ಟರೊಂದರ ಕೆಳಗೆ ಮಲಗಿದ್ದಾಗ ಕೈ ಓಡಲಿಲ್ಲ. ಮಧ್ಯಾಹ್ನ ಡೇರಿಯ ಗೇಟಿನ ಹತ್ತಿರ ಹೋಗಿ ಕಾದ. ಪುಟ್ಟಿ ಹೊರಬಂದ ಕೂಡಲೇ, "ನಡಿ, ನನ್ನನ್ನೂ ಒಂದು ಸಲ ಕ್ವಾರಿ ರೋಡಿಗೆ ಕರ್ಕೊಂಡು ಹೋಗು," ಅಂದ.

"ನೀವಾ? ಟ್ರ್ಯಾಕ್ಟರು ಜೋರಾಗಿ ಹೋದ್ರೇ ಕಣ್ಣು ಮುಚ್ಕೋತೀರಿ."

"ಮುಚ್ಕೋತೀನೋ ಬಿಡ್ತೀನೋ, ನಡಿ."

ಗುಡ್ಡದ ಬುಡದಲ್ಲಿ ಅವಳು ಅವನ ಸೀಟಿನ ಪಟ್ಟಿಗಳನ್ನೆಲ್ಲ ತಾನೇ ಬಿಗಿದು, ಕಾರು ಬಿಟ್ಟಳು. ನೇರ ದಾರಿಯಲ್ಲಿ ಕಾರು ಬಾಣದ ಹಾಗೆ ಹೋಯಿತು. ಪೈಪಣ್ಣ ಬಾಗಿಲಿನ ಹಿಡಿಯನ್ನು ಗಟ್ಟಿಯಾಗಿ ಹಿಡಿದುಕೊಂಡರೂ ಕಣ್ಣು ಮುಚ್ಚಲಿಲ್ಲ. ಅವನು ರಸ್ತೆ ನೋಡುತ್ತಿರಲಿಲ್ಲ, ಗೇರಿನ ಮೇಲಿದ್ದ ಅವಳ ಎಡಗೈ ನೋಡುತ್ತಿದ್ದ. ಮೊದಲ ಕಡಿದಾದ ತಿರುವು ಬಂತು. ಅವಳು ಎರಡನೇ ಗೇರಿನಲ್ಲಿ ತಿರುಗಿಸಿ ಆ್ಯಕ್ಸಿಲರೇಟರ್ ಒತ್ತಿದಳು. ಕಾರು ಘರ್ಜಿಸಿತು, ಆದರೆ ಮುಂದೆ ಹೋಗಲು ಮನಸ್ಸು ಮಾಡಲಿಲ್ಲ. ಹೊರೆ ಹೊತ್ತವನು ಮೆಟ್ಟಿಲ ಮುಂದೆ ನಿಂತು ಉಸಿರು ತೆಗೆದುಕೊಳ್ಳುವ ಹಾಗೆ ಒಂದು ಗಳಿಗೆ ತಡೆಯಿತು. ಆಮೇಲೆ ಎಳೆಯಿತು. ಎರಡನೆಯ ತಿರುವಿನಲ್ಲಿ ಅವಳ ಕೈ ತಾನಾಗಿಯೇ ಮೊದಲ ಗೇರಿಗೆ ಹೋಯಿತು. ಮೂರನೆಯದರಲ್ಲೂ.

ಮೇಲೆ ಕ್ವಾರಿಯ ಅಂಗಳದಲ್ಲಿ ಅವಳು ಕಾರು ನಿಲ್ಲಿಸಿದಳು. ಪೈಪಣ್ಣ ಇಳಿದು ಬಾನೆಟ್ ಎತ್ತಿದ. ಕೆಂಪು ಫಿಲ್ಟರ್ ಮೇಲೆ ಹೊಟ್ಟು ಅಂಟಿ, ಅದು ಮೇವಿನಲ್ಲಿ ಮೂತಿ ಹಾಕಿದ ಕರುವಿನ ಹಾಗೆ ಕಾಣುತ್ತಿತ್ತು. ಪಕ್ಕದ ಕೊಳವೆ ಮುಟ್ಟಿ ಕೈ ಹಿಂದೆ ತೆಗೆದ.

"ಸುಡ್ತಿದೆ. ರೇಡಿಯೇಟರಿನ ಬಿಸಿಗಾಳೀನೇ ಕುಡೀತಿದೆ ಇದು."

"ಹೂಂ."

"ಹಳೇ ಪೈಪಲ್ಲಿ ಈ ತಿರುವುಗಳನ್ನ ಎರಡನೇ ಗೇರಲ್ಲೇ ಹತ್ತಿಸ್ತಿದ್ದೆ, ಅಲ್ವಾ?"

ಅವಳು ದೂರದ ಬಯಲು ನೋಡುತ್ತ ತಲೆಯಾಡಿಸಿದಳು. "ಎಂಜಿನ್ ಜೋರಾಗಿ ತಿರುಗುವಾಗ ಚೆನ್ನಾಗೇ ಓಡುತ್ತೆ ಭಾವ. ನಿಧಾನ ತಿರುಗುವಾಗ ಮಾತ್ರ… ಹೊಗೆಗೆ ಅಷ್ಟು ಅಗಲ ಸಿಕ್ಕಿದ್ರೆ ಅದು ಸೋಮಾರಿಯಾಗುತ್ತೆ. ಒಂದು ಉಸಿರು ಹಿಂದಿನ ಇನ್ನೊಂದನ್ನ ಎಳ್ಕೊಂಡು ಹೋಗ್ಬೇಕಲ್ಲ, ಆ ಜೋರು ಇರಲ್ಲ. ಈ ರೋಡಲ್ಲಿ ಇರೋದೆಲ್ಲ ತಿರುವೇ."

"ಗೊತ್ತಿತ್ತಾ ನಿಂಗೆ?"

"ಅನುಮಾನ ಇತ್ತು."

"ಮತ್ತೆ ಯಾಕೆ ಬಾಯಿ ಮುಚ್ಕೊಂಡೆ? ಕೊನೇ ಓಟ ಅಂತೀಯ, ಇದನ್ನೇ ಕಟ್ಕೊಂಡು ಓಡ್ತಿದ್ದೆಯಾ?"

"ಓಡ್ತಿದ್ದೆ," ಅಂದಳು ಅವಳು. "ಓಟ ಒಂದು ದಿನದ್ದು. ನಿಮ್ಮ ಮುಖ ನಾನು ದಿನಾ ನೋಡ್ಬೇಕು."

ಪೈಪಣ್ಣನಿಗೆ ಸಿಟ್ಟು ಬಂತು. ಯಾರ ಮೇಲೆ ಎಂದು ಸರಿಯಾಗಿ ತಿಳಿಯಲಿಲ್ಲ. ಬಾನೆಟ್ ಬೀಳಿಸಿ ಹೇಳಿದ:

"ನಿನ್ನ ಋಣ ತೀರಿಸ್ಬೇಕು ಅಂತ ಹೊರಟೆ ಕಣೇ. ಕಾರು ಕೇಳಿದ್ದು ಎಷ್ಟು ಅಂತ ನೋಡ್ಲೇ ಇಲ್ಲ. ನಂಗೆ ಕೊಡ್ಬೇಕು ಅನಿಸಿದಷ್ಟು ಅಳತೆ ಮಾಡಿದೆ."

"ಬೈಕೋಬೇಡಿ ಭಾವ. ಸೌಂಡ್ ನಿಜವಾಗ್ಲೂ ಚೆನ್ನಾಗಿದೆ."

"ಸೌಂಡಿಗೆ ಬೆಂಕಿ ಬೀಳ. ಗಾಡಿ ಶೆಡ್ಡಿಗೆ ಬಿಡು."

ಉಳಿದಿದ್ದು ಎರಡೇ ದಿನ. ಅವನು ಹೊಳೆಯುವ ಪೈಪನ್ನು ಬಿಚ್ಚಿ ಗೋಡೆಗೆ ಒರಗಿಸಿದ. ಬಿಚ್ಚುವಾಗ ಹೆಂಡತಿ ಬಾಗಿಲಲ್ಲಿ ನಿಂತು ನೋಡಿದಳು. ಗುಂಡಿಯ ಮಾತು ಎತ್ತಲಿಲ್ಲ. ಹಳೆಯ ಪೈಪನ್ನು ಮತ್ತೆ ಹಾಕಿ, ಆ್ಯಕ್ಸಲ್ ಮೇಲಿನ ಚಪ್ಪಟೆ ತುಂಡನ್ನಷ್ಟೇ ಕತ್ತರಿಸಿ ತೆಗೆದು, ಎರಡೂಕಾಲಿಂಚಿನ ಒಂದು ಬಾಗು ಕೂರಿಸಿದ. ಹಳೆಯ ಕಪ್ಪು ಡಬ್ಬ ಒರೆಸಿ, ಹೊಸ ಕಾಗದದ ಫಿಲ್ಟರ್ ಹಾಕಿದ. ಮುಂದಿನ ದೀಪದ ಕೆಳಗಿನ ಸಂದಿನಿಂದ ಡಬ್ಬದ ಬಾಯಿಗೆ ರಬ್ಬರ್ ಕೊಳವೆಯೊಂದನ್ನು ಎಳೆದ. ಹೊರಗಿನ ತಂಪುಗಾಳಿ ನೇರ ಒಳಗೆ ಹೋಗಲೆಂದು. ಕೊಳವೆಯ ಬಾಯಿಗೆ ಹೊಟ್ಟು ತಡೆಯಲು ಜಾಲರಿ ಕಟ್ಟಿದ. ಅರ್ಧ ದಿನದ ಕೆಲಸ. ಮುಗಿದ ಮೇಲೆ ಎಲ್ಲಿ ಕೈಯಾಡಿಸಿದ್ದಾನೆಂದು ಹುಡುಕಿದರೂ ಕಾಣುತ್ತಿರಲಿಲ್ಲ. ಶುರು ಮಾಡಿದಾಗ ಕ್ಷೌರದಂಗಡಿಯಿಂದ ಯಾರೂ ಹೊರಗೆ ಬರಲಿಲ್ಲ.

ಭಾನುವಾರ ಪೈಪಣ್ಣ ಹೆಂಡತಿಯೊಂದಿಗೆ ಎರಡನೆಯ ತಿರುವಿನ ಮೇಲಿನ ಬಂಡೆಯ ಮೇಲೆ ನಿಂತ. ಕಾರುಗಳು ಒಂದೊಂದಾಗಿ ಕಿರುಚುತ್ತ ಹತ್ತಿಹೋದವು. ಪುಟ್ಟಿಯ ಕಾರು ಸದ್ದಿಗಿಂತ ಮುಂಚೆ ಕಣ್ಣಿಗೆ ಬಿತ್ತು. ತಿರುವಿಗೆ ಬಂತು, ಹಿಂಬದಿ ಸ್ವಲ್ಪ ಜಾರಿತು, ಉಸಿರು ಹಿಡಿಯದೆ ಒಂದೇ ಎಳೆತಕ್ಕೆ ಎದ್ದು ಮೇಲಕ್ಕೆ ಹೋಯಿತು.

"ಹೆಂಗೆ ಹೋದ್ಲು ರೀ?" ಹೆಂಡತಿ ಅವನ ತೋಳು ಹಿಡಿದು ಕೇಳಿದಳು. "ಜೋರಾ?"

"ಎರಡರಲ್ಲೇ ಹೋದ್ಲು," ಅಂದ ಅವನು. ಹೆಂಡತಿಗೆ ಅದು ಅರ್ಥವಾಗಲಿಲ್ಲ, ಆದರೆ ಗಂಡನ ಮುಖ ನೋಡಿ ಮತ್ತೆ ಕೇಳಲಿಲ್ಲ.

ಪುಟ್ಟಿಗೆ ಎರಡನೇ ಸ್ಥಾನ ಬಂತು. ಸಮಯ ಅವಳದೇ ಹಳೆಯ ಸಮಯಗಳೆಲ್ಲಕ್ಕಿಂತ ಕಡಿಮೆ. ಸಂಜೆ ಬುಡದ ಮೈದಾನದಲ್ಲಿ ಅವಳು ಧೂಳು ಮೆತ್ತಿದ ಮುಖ ಒರೆಸಿಕೊಳ್ಳುತ್ತ ಅವರ ಹತ್ತಿರ ಬಂದಳು.

"ತೀರಿತು ಭಾವ. ಇನ್ನು ಆ ವರ್ಷದ್ದು ಮನಸ್ಸಲ್ಲಿ ಇಟ್ಕೋಬೇಡಿ."

"ಹೆಂಗೆ ತೀರುತ್ತೆ? ಒಂದು ಬಾಗು, ಒಂದು ರಬ್ಬರ್ ಕೊಳವೆ. ನೀನು ಒಕ್ಕಣೆ ಕಾಲ ಪೂರ್ತಿ ದುಡಿದಿದ್ದೀಯ."

"ಹಾಗಾದ್ರೆ ತೀರಿಸ್ಲೇಬೇಡಿ. ಬಾಕಿ ಇರ್ಲಿ."

"ಬಾಕಿ ಇಟ್ಕೊಂಡು ಏನು ಮಾಡ್ಲಿ?"

"ಏನೂ ಮಾಡ್ಬೇಡಿ. ನೀವು ಏನಾದ್ರೂ ಮಾಡೋಕೆ ಹೊರಟ್ರೇನೇ ನಂಗೆ ಭಯ," ಎಂದು ಅವಳು ನಕ್ಕಳು. ಅಕ್ಕನೂ ನಕ್ಕಳು.

ಪೈಪಣ್ಣ ನಗಲಿಲ್ಲ, ಒಪ್ಪಲೂ ಇಲ್ಲ. ಮಂಡಿಯೂರಿ ಕಾರಿನ ಹಿಂಬದಿಗೆ ಬಗ್ಗಿ, ಬೆಸುಗೆ ಎಲ್ಲಾದರೂ ಬಿಟ್ಟಿದೆಯೇ ಎಂದು ನೋಡತೊಡಗಿದ. ಎಲ್ಲೂ ಬಿಟ್ಟಿರಲಿಲ್ಲ. ಆದರೂ ಅವನು ಸ್ವಲ್ಪ ಹೊತ್ತು ಹಾಗೇ ಬಗ್ಗಿಕೊಂಡಿದ್ದ.