ಮಮದಾಪುರದ ಮಡ್ಡಿಯ ಕಂಟಿ

ಮಮದಾಪುರದ ಕಲ್ಲುಮಡ್ಡಿಯ ದಿಬ್ಬದ ಮೇಲೆ ಎದೆಯೆತ್ತರದ, ಪೊದೆಯಂಥ ಒಂದು ಕಂಟಿ ಇತ್ತು. ಊರಲ್ಲಿ ಅದಕ್ಕೊಂದು ಹೆಸರೂ ಇರಲಿಲ್ಲ. ಮಳೆಗಾಲ ಮುಗಿಯುವ ಹೊತ್ತಿಗೆ ಹಳದಿ ಹೂ ಬಿಡುತ್ತಿತ್ತು, ಚಿಗುರಿದರೆ ಕುರಿಗಳು ಬಾಯಿ ಹಾಕುತ್ತಿದ್ದವು, ಅಷ್ಟೇ ಅದರ ಸಂಗತಿ. ಕುರಿ ಕಾಯುವ ಮಾಯವ್ವ ಬುದ್ಧಿ ಬಂದಾಗಿನಿಂದ ಅದನ್ನು ಕಂಡವಳು, ಅಂದರೆ ಒಮ್ಮೆಯೂ ಸರಿಯಾಗಿ ನೋಡದವಳು.

ನೋಡುವಂತೆ ಮಾಡಿದ್ದು ಆಮ್ರಪಾಲಿ. ದಡ್ಡಿ ಎಂಬ ಊರಿನ ಮಗಳು, ಗೋಕಾಕದ ಕಾಲೇಜಿನಲ್ಲಿ ಸಸ್ಯಶಾಸ್ತ್ರ ಕಲಿಸುವವಳು, ಮಾಯವ್ವನ ಬಾಯಲ್ಲಿ ‘ಅಕ್ಕೋರು’. ಮಡ್ಡಿ ಹತ್ತಿ ಬಂದವಳು ಕಂಟಿಯ ಮುಂದೆ ಕುಕ್ಕರಿಸಿ ಕಣ್ಣೀರು ಹಾಕಿದಳು. ಒಂದು ಗಿಡಕ್ಕಾಗಿ ಅಳುವವರೂ ಇದ್ದಾರೆಯೇ ಎಂದು ಮಾಯವ್ವನಿಗೆ ಒಳಗೊಳಗೇ ನಗು.

“ಹುಕ್ಕೇರಿ ಕಡೆ ಹುಡುಕೇನಿ, ಮೂಡಲಗಿ ಕಡೆ ಹುಡುಕೇನಿ. ಮಸಗುಪ್ಪಿ ಹಂತ್ಯಾಕ ಒಂದು ಮಡ್ಡಿ ಮ್ಯಾಲ ಇದ್ದವಂತ, ಆ ಮಡ್ಡಿನೂ ಅಗದು ಹೊಲಾ ಮಾಡ್ಯಾರ. ಈಗ ಇದೊಂದ ಉಳದೈತ್ರಿ, ಮಾಯವ್ವಾರ.”

ಮಾಯವ್ವನ ನಗು ನಿಂತಿತು.

ಕಾಗದದಲ್ಲಿ ಇಂಥದನ್ನು ‘ತೀವ್ರ ಅಪಾಯದಲ್ಲಿರುವ ಸಸ್ಯ’ ಎಂದು ಬರೆಯುತ್ತಾರಂತೆ. ಬರೆದ ಮಹಾನುಭಾವರು ಬಂದು ಅಡ್ಡಲಾಗಿ ಒಂದು ಮುಳ್ಳಾದರೂ ಇಟ್ಟರೇ? ಅದನ್ನು ಮಾಯವ್ವನೇ ಇಟ್ಟಳು. ಟೊಂಗೆ ಕಡಿದು ನೆಟ್ಟರೆ ಬೇರು ಬಿಡುತ್ತಿರಲಿಲ್ಲ. ಬೀಜವೊಂದೇ ದಾರಿ. ಕಾಯಿ ಬಲಿಯುವ ತನಕ ಕುರಿ ಬಿಡಬಾರದು, ಕೊಡಲಿ ತಾಗಬಾರದು, ಬೆಂಕಿ ಹತ್ತಬಾರದು ಎಂದು ಹೇಳಿ ಆಮ್ರಪಾಲಿ ಗೋಕಾಕಕ್ಕೆ ಮರಳಿದಳು.

ಮಾಯವ್ವ ಜಾಲಿಮುಳ್ಳಿನ ಬೇಲಿ ಹಾಕಿದಳು. ಕುರಿಗಳನ್ನು ಮಡ್ಡಿಯ ಆಚೆಯಿಂದ ಸುತ್ತಿಸಿ ಹೊಡೆದಳು. ಹಸಿರು ಕಾಯಿಗಳು ಗೊಂಚಲಾಗಿ ಮೂಡಿದಾಗ ಬಸುರಿ ಮಗಳನ್ನು ಕಂಡಷ್ಟು ಜೀವ ತುಂಬಿ ಬಂತು. ಆದರೆ ಕಾರ್ತಿಕದಲ್ಲಿ ಎಲೆಗಳು ಯಾಕೋ ಬಿಳಿಚಿಕೊಂಡವು. ಇಷ್ಟು ಕಾಯಿ ಹೊತ್ತದ್ದಕ್ಕೆ ಶಕ್ತಿ ಸಾಲದಾಗಿದೆ ಎಂದುಕೊಂಡಳು.

ಸೊರಗಿದ ನೆಲಕ್ಕೆ ಕುರುಬರ ಮನೆಯ ಮದ್ದು ಒಂದೇ: ರಾತ್ರಿ ಅಲ್ಲಿ ಕುರಿ ತರುಬಿ ಮಲಗಿಸುವುದು. ಮಂದೆ ಮಲಗಿ ಎದ್ದ ಹೊಲಕ್ಕೆ ಹಿಕ್ಕಿ, ಉಚ್ಚೆ ಬಿದ್ದು ಮುಂದಿನ ಪೈರು ಕಪ್ಪುಹಸಿರು ಏಳುತ್ತದೆ. ಆ ವಾರ ಮಂದೆಯನ್ನು ಊರಿನ ರೈತ ಸತ್ತೆಪ್ಪನ ಹೊಲದಲ್ಲಿ ತರುಬಬೇಕಿತ್ತು.

“ಅಂವಗ ಮಾತು ಕೊಟ್ಟೇವಿ,” ಎಂದ ಗಂಡ ಮುತ್ತಪ್ಪ.

“ಅವನ ಹೊಲಾ ಎಲ್ಲಿ ಓಡಿ ಹೋಗತೈತಿ? ಅಕ್ಕೋರ ಗಿಡಾ ಹೋದ್ರ ಬರೂದಿಲ್ಲ.”

ಬೇಲಿಯ ಸುತ್ತ ಬಲೆ ಕಟ್ಟಿ, ಒಂದು ಬಾಯಿಯೂ ಕಂಟಿಗೆ ತಾಗದಂತೆ, ವಾರಪೂರ್ತಿ ಮಂದೆ ತರುಬಿದಳು. ದಿನಾ ಬೆಳಗ್ಗೆ ಹಿಕ್ಕಿ ಬಳಿದು ಬುಡಕ್ಕೆ ಒಟ್ಟಿದಳು. ಮೇಲೆ ನೀರನ್ನೂ ಹೊತ್ತು ಸುರಿದಳು. ತನ್ನ ಹೊಲಕ್ಕೂ ಇಷ್ಟು ಮಾಡಿದವಳಲ್ಲ.

ಆಮ್ರಪಾಲಿ ಬೀಜಕ್ಕೆಂದು ಚೀಲ ಹಿಡಿದು ಬಂದಾಗ ಎಲೆಗಳ ಅಂಚು ಸುಟ್ಟು ಕರಕಲಾಗಿತ್ತು, ಎಳೆಗಾಯಿಗಳು ನೆಲದ ತುಂಬ ಉದುರಿದ್ದವು. ಕೊಂಬೆಯ ತೊಗಟೆಯನ್ನು ಉಗುರಿನಿಂದ ಕೆರೆದಳು, ಹಸಿರು ಕಾಣಲಿಲ್ಲ. ಬುಡದ ತನಕ ಕೆರೆದಳು, ಅಲ್ಲೂ ಇಲ್ಲ.

“ಬುಡಕ್ಕ ಏನ ಹಾಕೀರಿ, ಮಾಯವ್ವಾರ?”

“ನಮ್ಮ ಹೊಲಕ್ಕ ಹಾಕೂದ. ಹಿಕ್ಕಿ.”

“ಇದು ಕಲ್ಲಿನ ಸಂದ್ಯಾಗ ಹಸಕೊಂಡ ಬದುಕಿದ ಗಿಡಾರಿ. ಹಸಿಗೊಬ್ಬರದ ಕಾವು ಬೇರು ಸುಟ್ಟೈತಿ. ಈ ಕಾಲಕ್ಕ ಇದರ ಎಲಿ ಬಿಳಚೂದು ಸಹಜರಿ. ಅದನ್ನ ನಾ ಹೇಳಬೇಕಾಗಿತ್ತು.”

“ಬೈರಿ ಅಕ್ಕೋರ. ಬಾಯಿಗೆ ಬಂದಂಗ ಬೈರಿ.”

ಆಮ್ರಪಾಲಿ ಬೈಯಲಿಲ್ಲ. ಉದುರಿದ ಕಾಯೊಂದನ್ನು ಎತ್ತಿ ಬಿಡಿಸಿದಳು. ಒಳಗೆ ಬೀಜ ಕಟ್ಟುವ ಮೊದಲೇ ಮುರುಟಿತ್ತು. ಇನ್ನೊಂದು, ಮತ್ತೊಂದು, ಎಲ್ಲವೂ ಹಾಗೆಯೇ. ಮಾಯವ್ವನೂ ಕೂತು ಕಾಯಿ ಬಿಡಿಸತೊಡಗಿದಳು. ಇಬ್ಬರಿಗೂ ಒಂದು ಬೀಜವೂ ಸಿಗಲಿಲ್ಲ.

ಅಷ್ಟರಲ್ಲಿ ಕೆಳಗಿನಿಂದ ಕುರಿಗಳು ಮೇಯುತ್ತ ಮೇಲೇರಿದವು. ಮಾಯವ್ವ ದಡಬಡಿಸಿ ಎದ್ದು, ಕೋಲು ಅಡ್ಡ ಹಿಡಿದು ಹಿಂದಕ್ಕೆ ಗದರಿದಳು.

“ಬಿಡ್ರಿ ಮಾಯವ್ವಾರ,” ಎಂದಳು ಆಮ್ರಪಾಲಿ ತಲೆ ಎತ್ತದೆ. “ಇನ್ನ ತಡೀಬ್ಯಾಡ್ರಿ. ಎಲ್ಲಿ ಬೇಕಾದಲ್ಲಿ ಮೇಯಲಿ.”

ಮಾಯವ್ವ ಕೋಲು ಇಳಿಸಲಿಲ್ಲ.